ವಾಹನ ಸಲಹೆ: ಡಿಕ್ಕಿ ಬಾಗಿಲು ಕಚ್ಚಿಕೊಳ್ಳುತ್ತಿಲ್ಲವೇ?

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪತ್ರಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕಾಣಿಸಿದೆ: ಬಟನ್ ಒತ್ತಿದರೆ ತಾನಾಗಿ ಮುಚ್ಚಿಕೊಳ್ಳಬೇಕಾದ ಹಿಂಬಾಗಿಲು, ಅಂದರೆ ಪವರ್ ಟೇಲ್‌ಗೇಟ್, ಸರಿಯಾಗಿ ಲಾಕ್ ಆಗುತ್ತಿಲ್ಲ. ಹಾಗಾಗಿ ಈ ಸಲದ ಪುಟಗಳನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಬಾಗಿಲು ನಿಧಾನಕ್ಕೆ ಇಳಿಯುತ್ತದೆ. ಮುಚ್ಚಿತು ಅನ್ನುವಷ್ಟರಲ್ಲಿ ಬೀಪ್ ಬೀಪ್ ಎಂದು ಮತ್ತೆ ಮೇಲೆದ್ದು ಹೋಗುತ್ತದೆ. ಮೂರು ಸಲಕ್ಕೆ ಒಂದು ಸಲ ಸರಿಯಾಗಿ ಕೂರುತ್ತದೆ. ಲ್ಯಾಚ್ ಪೂರ್ತಿ ಬದಲಿಸಬೇಕು ಎನ್ನುತ್ತಾರೆ ಗ್ಯಾರೇಜಿನವರು. ಬೇರೆ ದಾರಿ ಇದೆಯೇ?
— ಕೋಡಿಬಾಗ, ಕಾರವಾರ

ಲ್ಯಾಚ್ ಬದಲಿಸುವ ಮಾತು ಸದ್ಯಕ್ಕೆ ಬೇಡ. ಮೊದಲು ಬಾಗಿಲ ಪಕ್ಕದಲ್ಲಿ ನಿಂತು ಕಿವಿಗೊಟ್ಟು ಕೇಳಿ. ಇದು ಮೂರು ಸದ್ದಿನ ಕೆಲಸ. ಮೊದಲನೆಯದು, ಪಕ್ಕದ ಉದ್ದನೆಯ ಮೋಟರ್ ಸ್ಟ್ರಟ್‌ಗಳು ಬಾಗಿಲನ್ನು ಕೆಳಗಿಳಿಸುವ ಗುಂಯ್ ಎಂಬ ಸದ್ದು. ಎರಡನೆಯದು, ಬಾಗಿಲಿನ ಲ್ಯಾಚಿನೊಳಗಿನ (ಚಿಲಕದೊಳಗಿನ) ಕೊಕ್ಕೆ ಕೆಳಗೆ ಡಿಕ್ಕಿಯ ಹೊಸ್ತಿಲಿನಲ್ಲಿರುವ ಸ್ಟ್ರೈಕರ್ ಕಂಬಿಯನ್ನು ಅರ್ಧ ಹಿಡಿಯುವ 'ಟಕ್'. ಮೂರನೆಯದು, ಲ್ಯಾಚಿನೊಳಗಿನ ಪುಟ್ಟ ಮೋಟರ್ ಬಾಗಿಲನ್ನು ಕೊನೆಯ ಕೆಲವು ಮಿಲಿಮೀಟರ್ ಒಳಕ್ಕೆಳೆದು ಬಿಗಿ ಮಾಡುವ 'ಜ್ರ್ರ್... ಟಕ್'. ಅರ್ಧ ಹಿಡಿತ ಸಿಕ್ಕಿದೆ ಎಂದು ಲ್ಯಾಚಿನ ಸ್ವಿಚ್ ಹೇಳಿದ ಮೇಲೆಯೇ ಸ್ಟ್ರಟ್ ಕೆಲಸ ಬಿಡುತ್ತದೆ, ಎಳೆಯುವ ಮೋಟರ್ ಕೆಲಸ ಹಿಡಿಯುತ್ತದೆ. ಆ ಸುದ್ದಿ ಸಮಯಕ್ಕೆ ಬರದಿದ್ದರೆ ಅಥವಾ ಇಳಿಯುವಾಗ ಲೆಕ್ಕಕ್ಕಿಂತ ಹೆಚ್ಚು ತಡೆ ಸಿಕ್ಕರೆ, ಮಧ್ಯೆ ಯಾರದೋ ಕೈ ಸಿಕ್ಕಿದೆ ಎಂದೇ ಬಾಗಿಲನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅಂದರೆ ಕಂಟ್ರೋಲ್ ಮಾಡ್ಯೂಲ್, ತಿಳಿಯುತ್ತದೆ. ಬಾಗಿಲನ್ನು ಮೇಲೆತ್ತುತ್ತದೆ. ನಿಮ್ಮ ಗಾಡಿಯಲ್ಲಿ ಆಗುತ್ತಿರುವುದೂ ಇದೇ.

ಎಲ್ಲಿಂದ ಹಿಂದಿರುಗುತ್ತದೆ ಎಂಬುದನ್ನು ಗಮನಿಸಿ. ಅರ್ಧ ದಾರಿಯಲ್ಲೇ ತಿರುಗಿದರೆ ಬಾಗಿಲ ಅಂಚಿನ ಎರಡೂ ಬದಿ ಇರುವ ತೆಳು ರಬ್ಬರ್ ಪಟ್ಟಿಯನ್ನು ಅನುಮಾನಿಸಬೇಕು. ಅದರೊಳಗೆ ಎರಡು ವಾಹಕ ಎಳೆಗಳಿವೆ. ಕೈ ತಾಗಿ ಪಟ್ಟಿ ಅದುಮಿದರೆ ಎಳೆಗಳು ಒಂದಕ್ಕೊಂದು ಮುಟ್ಟಿ 'ಅಡ್ಡಿ' ಎಂಬ ಸಂಕೇತ ಹೋಗುತ್ತದೆ. ಪಟ್ಟಿ ಸೀಳಿ ನೀರು ಒಳಸೇರಿದರೆ ಯಾರೂ ಮುಟ್ಟದೆಯೂ ಅದೇ ಸಂಕೇತ ಹೋಗುತ್ತದೆ. ಅದರ ಕನೆಕ್ಟರ್ ಬಿಚ್ಚಿಟ್ಟರೆ ಸರಿಹೋದೀತು ಎಂದು ಪ್ರಯತ್ನಿಸಬೇಡಿ. ಪಟ್ಟಿಯ ತುದಿಯಲ್ಲೊಂದು ರೆಸಿಸ್ಟರ್ ಇರುತ್ತದೆ, ಅದು ಕಾಣದಿದ್ದರೆ ಮಾಡ್ಯೂಲ್ ಪವರ್ ಮುಚ್ಚುವಿಕೆಯನ್ನೇ ನಿಲ್ಲಿಸಿಬಿಡುತ್ತದೆ.

ನಿಮ್ಮದು ಕೊನೆಯ ಗಳಿಗೆಯಲ್ಲಿ ತಿರುಗುತ್ತಿದೆ. ಆದ್ದರಿಂದ ಪಟ್ಟಿಯನ್ನು ಬಿಟ್ಟು ಕೆಳಗೆ ಬನ್ನಿ. ಮೊದಲ ಪರೀಕ್ಷೆಗೆ ಕಾಸಿನ ಖರ್ಚಿಲ್ಲ: ಮುಂದಿನ ಒಂದು ಗಾಜನ್ನು ಪೂರ್ತಿ ಇಳಿಸಿ ಬಾಗಿಲು ಮುಚ್ಚಿಸಿ ನೋಡಿ. ಎಲ್ಲ ಗಾಜು ಏರಿಸಿದ್ದಾಗ ಇಳಿಯುವ ಬಾಗಿಲು ಒಳಗಿನ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಹೊರಹೋಗಲು ಹಿಂದಿನ ಬಂಪರಿನ ಮರೆಯಲ್ಲಿ ರಬ್ಬರ್ ರೆಕ್ಕೆಗಳಿರುವ ಕಿಂಡಿ ಇರುತ್ತದೆ. ಕೆಸರು ಮೆತ್ತಿ ಅದು ಮುಚ್ಚಿಹೋಗಿದ್ದರೆ, ಜೊತೆಗೆ ಬೀಡಿಂಗ್, ಅಂದರೆ ಬಾಗಿಲ ಚೌಕಟ್ಟಿನ ಸುತ್ತಲಿನ ದಪ್ಪ ರಬ್ಬರ್, ಹೊಸದಾಗಿ ಗಟ್ಟಿಯಿದ್ದರೆ, ಬಾಗಿಲಿಗೆ ಸಿಗುವ ತಡೆ ಹೆಚ್ಚುತ್ತದೆ. ಗಾಜು ಇಳಿಸಿದಾಗ ಪ್ರತಿ ಸಲವೂ ಕಚ್ಚಿಕೊಂಡರೆ ಲ್ಯಾಚ್ ನಿರಪರಾಧಿ.

ಎರಡನೆಯದು ಬ್ಯಾಟರಿ. ಎಂಜಿನ್ ಆಫ್ ಇದ್ದಾಗ ತೊಂದರೆ, ಆನ್ ಇದ್ದಾಗ ಇಲ್ಲ ಎಂದಾದರೆ ಬ್ಯಾಟರಿಯನ್ನು ಅಳೆಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ ಎಂದರ್ಥ, 12.2 ಎಂದರೆ ಸುಮಾರು ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರುತ್ತದೆ. ವೋಲ್ಟೇಜ್ ಕಡಿಮೆಯಾದರೆ ಎಳೆಯುವ ಮೋಟರಿಗೆ ಬೀಡಿಂಗ್ ಅದುಮುವಷ್ಟು ಶಕ್ತಿ ಉಳಿಯುವುದಿಲ್ಲ.

ಮೂರನೆಯದು ಸ್ಕ್ರೂಡ್ರೈವರ್ ಪರೀಕ್ಷೆ. ಬಾಗಿಲು ತೆರೆದಿಟ್ಟು ಲ್ಯಾಚಿನ ಬಾಯಿಗೆ ದಪ್ಪ ಸ್ಕ್ರೂಡ್ರೈವರ್ ದಂಡನ್ನು ಸ್ಟ್ರೈಕರಿನಂತೆ ಅಡ್ಡ ಹಿಡಿದು ಮೇಲಕ್ಕೆ ಒತ್ತಿ. ಬೆರಳು ಅದರ ಬಳಿ ಸುಳಿಯಕೂಡದು. ಎಳೆಯುವ ಮೋಟರ್ ಓಡಿದರೆ ಬೆರಳು ಜಜ್ಜಿಹೋಗುತ್ತದೆ. ಮೊದಲ 'ಟಕ್' ಅರ್ಧ ಹಿಡಿತ, ಎರಡನೆಯದು ಪೂರ್ತಿ. ಕೆಲವು ಗಾಡಿಗಳಲ್ಲಿ ಮೊದಲ ಟಕ್ ಆದ ಕೂಡಲೇ ಮೋಟರ್ ತಾನೇ ಎಳೆಯುತ್ತದೆ. ಇನ್ನು ಕೆಲವಲ್ಲಿ ಬಾಗಿಲು ನಿಜವಾಗಿ ಕೆಳಗಿದೆ ಎಂದು ಖಾತ್ರಿಯಾಗದೆ ಓಡುವುದಿಲ್ಲ, ಹಾಗಾಗಿ ಇಲ್ಲಿ ಸದ್ದಾಗದಿದ್ದರೆ ಮೋಟರ್ ಸತ್ತಿದೆ ಎಂದುಕೊಳ್ಳಬೇಡಿ. ನಂತರ ತೆರೆಯುವ ಬಟನ್ ಒತ್ತಿ. ಕೊಕ್ಕೆ ಚಂಗನೆ ಹಿಂದಕ್ಕೆ ನೆಗೆಯಬೇಕು. ಸೋಮಾರಿಯಂತೆ ತೆವಳಿದರೆ ಒಳಗೆ ಕೊಳೆ ಅಥವಾ ಗಟ್ಟಿಯಾದ ಗ್ರೀಸ್ ಇದೆ. ಕೊಕ್ಕೆ ಪೂರ್ತಿ ತೆರೆದುಕೊಂಡದ್ದನ್ನು ಕಣ್ಣಾರೆ ನೋಡದೆ ಬಾಗಿಲು ಮುಚ್ಚಬೇಡಿ. ಮುಚ್ಚಿದ ಕೊಕ್ಕೆ ಸ್ಟ್ರೈಕರಿಗೆ ಬಡಿದರೆ ಎರಡೂ ಬಾಗುತ್ತವೆ, ಆಗ ನಿಜವಾಗಿಯೂ ಹೊಸ ಲ್ಯಾಚ್ ಬೇಕಾಗುತ್ತದೆ.

ಕೊಕ್ಕೆ ಚುರುಕಾಗಿದ್ದರೆ ಉಳಿಯುವುದು ಸ್ಟ್ರೈಕರಿನ ಜಾಗ. ಅದರ ಕಂಬಿಗೆ ತೆಳುವಾಗಿ ಗ್ರೀಸ್ ಸವರಿ, ಕೈಯಿಂದಲೇ ಒಮ್ಮೆ ಮುಚ್ಚಿ ತೆರೆಯಿರಿ. ಒರೆಸಿಹೋದ ಗುರುತು ಕಂಬಿಯ ನಟ್ಟನಡುವೆ ಇದ್ದರೆ ಸರಿ. ಒಂದು ಬದಿಗಿದ್ದರೆ ಲ್ಯಾಚ್ ಓರೆಯಾಗಿ ಇಳಿಯುತ್ತಿದೆ. ಸ್ಟ್ರೈಕರ್ ತಳದ ಸುತ್ತ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದುಕೊಳ್ಳಿ. ಹಳೆಯ ಜಾಗಕ್ಕೆ ಮರಳಬೇಕಾದರೆ ಈ ಗೆರೆಯೇ ದಾರಿ. ಬೋಲ್ಟುಗಳನ್ನು ಪೂರ್ತಿ ಬಿಚ್ಚಬೇಡಿ. ಮರದ ತುಂಡಿನಿಂದ ತಟ್ಟಿದರೆ ಅಲುಗುವಷ್ಟು ಸಡಿಲಿಸಿ ಒಂದೊಂದೇ ಮಿಲಿಮೀಟರ್ ಸರಿಸಿ, ಪ್ರತಿ ಸಲ ಕೈಯಿಂದ ಮುಚ್ಚಿ ನೋಡಿ. 8 ಮಿಲಿಮೀಟರ್ ಬೋಲ್ಟಾದರೆ ಬಿಗಿ ಸಾಮಾನ್ಯವಾಗಿ 20–25 ನ್ಯೂಟನ್ ಮೀಟರ್ ಸುತ್ತಮುತ್ತ. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಸರಿ.

ಬಾಗಿಲಂಚಿನಲ್ಲಿ ತಿರುಗಿಸಬಹುದಾದ ರಬ್ಬರ್ ಬುಗುಟುಗಳನ್ನೂ ಮರೆಯಬೇಡಿ. ಗಡಗಡ ಸದ್ದು ನಿಲ್ಲಲಿ ಎಂದು ಯಾರೋ ಅವನ್ನು ಹೊರಕ್ಕೆ ತಿರುಗಿಸಿರುತ್ತಾರೆ, ಅಲ್ಲಿಂದಲೇ ಈ ಕಾಟ ಶುರುವಾಗಿರುತ್ತದೆ. ಸುತ್ತು ಎಣಿಸಿಕೊಂಡು ಎರಡನ್ನೂ ಪೂರ್ತಿ ಒಳಕ್ಕೆ ತಿರುಗಿಸಿ ಮುಚ್ಚಿಸಿ. ಕಚ್ಚಿಕೊಂಡರೆ ಕಾರಣ ಸಿಕ್ಕಿತು. ಆಮೇಲೆ ಎರಡೂ ಬದಿ ಸಮನಾಗಿ, ಅರ್ಧರ್ಧ ಸುತ್ತು ಹೊರಕ್ಕೆ ತನ್ನಿ. ಬಾಗಿಲಿಗೆ ಅಲುಗಾಟ ತಪ್ಪುವಷ್ಟು ಆಸರೆ ಸಿಕ್ಕರೆ ಸಾಕು.

ಪ್ರಶ್ನೆ: ಬಾಗಿಲು ಇಳಿದು ಅರ್ಧ ಲಾಕ್ ಆಗಿ ನಿಲ್ಲುತ್ತದೆ, ಒಳಗೆಳೆಯುವ ಸದ್ದೇ ಇಲ್ಲ. ಒಮ್ಮೊಮ್ಮೆ ತಾನಾಗಿ ಸರಿಯಾಗುತ್ತದೆ. ಇತ್ತೀಚೆಗೆ ನಂಬರ್ ಪ್ಲೇಟಿನ ದೀಪವೂ ಮಿಣುಕುತ್ತಿದೆ. ಎರಡಕ್ಕೂ ಸಂಬಂಧವಿದೆಯೇ?
— ಶಿರಸಿ

ಸಂಬಂಧವಿದೆ. ನಿಮ್ಮ ಪತ್ರದ ಕೊನೆಯ ಸಾಲೇ ರೋಗದ ಹೆಸರು ಹೇಳುತ್ತಿದೆ. ಗಾಡಿಯ ಚಾವಣಿಯಿಂದ ಹಿಂಬಾಗಿಲಿಗೆ ಹೋಗುವ ತಂತಿಗಳೆಲ್ಲ ಕೀಲಿನ ಬಳಿ ಮಡಿಕೆ ಮಡಿಕೆಯ ಒಂದು ರಬ್ಬರ್ ಕೊಳವೆಯಲ್ಲಿ ಸಾಗುತ್ತವೆ. ಬಾಗಿಲು ತೆರೆದು ಮುಚ್ಚಿದಷ್ಟು ಸಲವೂ ಅವು ಒಂದೇ ಜಾಗದಲ್ಲಿ ಬಾಗುತ್ತವೆ. ವರ್ಷಗಳು ಕಳೆದಂತೆ ಹೊರಗಿನ ಪ್ಲಾಸ್ಟಿಕ್ ಸಿಪ್ಪೆ ಚೆನ್ನಾಗಿದ್ದೇ ಒಳಗಿನ ತಾಮ್ರದ ಎಳೆಗಳು ತುಂಡಾಗುತ್ತವೆ. ಬಾಗಿಲು ಒಂದು ಕೋನದಲ್ಲಿದ್ದಾಗ ತುದಿಗಳು ತಾಗಿಕೊಂಡು ಕೆಲಸವಾಗುತ್ತದೆ, ಇನ್ನೊಂದು ಕೋನದಲ್ಲಿ ಇಲ್ಲ. 'ತಾನಾಗಿ ಸರಿಯಾಗುತ್ತದೆ' ಎಂಬುದರ ಗುಟ್ಟು ಅದು.

ಖಾತ್ರಿ ಮಾಡಿಕೊಳ್ಳಲು ಹಿಂದಿನ ದೀಪ ಹೊತ್ತಿಸಿ, ಒಬ್ಬರು ಬಾಗಿಲನ್ನು ಮೇಲೆ ಕೆಳಗೆ ಆಡಿಸಲಿ, ಇನ್ನೊಬ್ಬರು ಆ ರಬ್ಬರ್ ಕೊಳವೆಯನ್ನು ಹಿಂಡಿ ನೋಡಲಿ. ದೀಪ ಮಿಣುಕಿದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೊಳವೆಯ ಒಂದು ತುದಿಯನ್ನು ಲೋಹದಿಂದ ಹೊರಗೆಳೆದು ಹಿಂದಕ್ಕೆ ಸರಿಸಿ. ಒಂದೊಂದು ತಂತಿಯನ್ನೂ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ತಾಮ್ರ ಇಡಿಯಾಗಿದ್ದರೆ ತಂತಿ ಹಿಗ್ಗುವುದಿಲ್ಲ, ತುಂಡಾಗಿದ್ದರೆ ಸಿಪ್ಪೆ ಇಲಾಸ್ಟಿಕ್‌ನಂತೆ ಹಿಗ್ಗುತ್ತದೆ.

ಜೋಡಿಸುವಾಗ ಸುತ್ತಿ ಟೇಪ್ ಹಚ್ಚುವುದನ್ನು ದಯವಿಟ್ಟು ಒಪ್ಪಬೇಡಿ. ನಿಮ್ಮ ಮಳೆ ಮತ್ತು ಮಂಜಿನಲ್ಲಿ ಆ ಗಂಟು ಹಸಿರು ಕಿಲುಬು ಹಿಡಿಯಲು ಒಂದು ಮಳೆಗಾಲ ಸಾಕು. ತುಂಡಾದ ಜಾಗದ ಎರಡೂ ಬದಿ ಸುಮಾರು 10 ಸೆಂಟಿಮೀಟರ್ ಕತ್ತರಿಸಿ, ಅಷ್ಟೇ ದಪ್ಪದ, ಸಣ್ಣ ಎಳೆಗಳು ಹೆಚ್ಚಿರುವ ಮೆದು ತಂತಿಯನ್ನು ನಡುವೆ ಸೇರಿಸಬೇಕು. ಸಿಲಿಕೋನ್ ಹೊದಿಕೆಯದಾದರೆ ಇನ್ನೂ ಒಳ್ಳೆಯದು. ಬೆಸುಗೆ ಹಾಕಿದ ಜಾಗ ಗಡುಸಾಗಿ ಅದರ ಅಂಚಿನಲ್ಲೇ ಮತ್ತೆ ಮುರಿಯುವುದರಿಂದ ಬೆಸುಗೆಗಳು ಕೊಳವೆಯ ಬಾಗುವ ಭಾಗದಿಂದ ಹೊರಗೆ, ಬಾಡಿಯ ಒಳಗೆ ಅಥವಾ ಬಾಗಿಲ ಒಳಗೆ ಇರಲಿ. ಎಲ್ಲ ಬೆಸುಗೆಯೂ ಒಂದೇ ಜಾಗಕ್ಕೆ ಬಂದರೆ ಗಂಟು ದಪ್ಪವಾಗುತ್ತದೆ, ಆದ್ದರಿಂದ ಒಂದರ ಹಿಂದೆ ಒಂದು ಬರುವಂತೆ ಹಂಚಿ. ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ. ಒಂದು ತಂತಿ ಮುರಿದಿದ್ದರೆ ಪಕ್ಕದವೂ ಅದೇ ವಯಸ್ಸಿನವು, ಬಿಚ್ಚಿದಾಗಲೇ ಎಲ್ಲವನ್ನೂ ನೋಡಿಬಿಡಿ.

ತಂತಿಗಳೆಲ್ಲ ಸರಿಯಿದ್ದರೆ ಫ್ಯೂಸ್ ನೋಡಿ, ಆಮೇಲೆ ಎಳೆಯುವ ಮೋಟರಿನ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯಿರಿ. ಮೋಟರಿಗೆ ಆಜ್ಞೆ ಬಂದ ಕ್ಷಣದಲ್ಲಿ ಅಲ್ಲಿ ಬ್ಯಾಟರಿಯಲ್ಲಿರುವುದಕ್ಕಿಂತ ಅರ್ಧ ವೋಲ್ಟಿಗೂ ಮೀರಿ ಕಡಿಮೆ ಕಂಡರೆ ದಾರಿಯಲ್ಲಿ, ಅದರಲ್ಲೂ ಅರ್ತ್ ಬೋಲ್ಟಿನಲ್ಲಿ, ಕರೆಂಟಿಗೆ ತಡೆ ಇದೆ. ಪೂರ್ತಿ ವೋಲ್ಟೇಜ್ ಬಂದರೂ ಮೋಟರ್ ಅಲುಗದಿದ್ದರೆ ಮಾತ್ರ ಲ್ಯಾಚ್ ಬದಲಿಸುವ ಮಾತು.

ಪ್ರಶ್ನೆ: ವಾರಕ್ಕೆ ಎರಡು ಮೂರು ಸಲ ಮೀನಿನ ಪೆಟ್ಟಿಗೆ ತರುತ್ತೇವೆ. ಲ್ಯಾಚಿನಲ್ಲಿ ತುಕ್ಕು ಕಾಣುತ್ತಿದೆ. ತೆಂಗಿನೆಣ್ಣೆ ಬಿಟ್ಟರೆ ಸಾಕೇ?
— ಕುಮಟಾ

ತೆಂಗಿನೆಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಚಳಿಗಾಲದ ಒಂದು ಬೆಳಿಗ್ಗೆ ನೀವು ದೇವಿಮನೆ ಘಟ್ಟ ಹತ್ತಿ ಹೋಗಿ ನಿಂತರೆ, ಕೊಕ್ಕೆಯ ಕೀಲಿನಲ್ಲಿ ಅದು ಬೆಣ್ಣೆಯಂತೆ ಕುಳಿತು ಲ್ಯಾಚನ್ನು ಹಿಡಿದುಬಿಡುತ್ತದೆ. ದಿನ ಕಳೆದಂತೆ ಜಿಗುಟಾಗಿ ಮರಳು, ನಾರು ಎಲ್ಲವನ್ನೂ ಅಂಟಿಸಿಕೊಳ್ಳುತ್ತದೆ.

ಮೀನಿನ ಪೆಟ್ಟಿಗೆಯಿಂದ ಸೋರುವುದು ಬರಿಯ ನೀರಲ್ಲ, ಉಪ್ಪುನೀರು. ಅದು ಡಿಕ್ಕಿಯ ಹೊಸ್ತಿಲಿನ ಪ್ಲಾಸ್ಟಿಕ್ ಕೆಳಗೆ ಇಳಿದು ಸ್ಟ್ರೈಕರಿನ ಬುಡದಲ್ಲೇ ನಿಲ್ಲುತ್ತದೆ. ಒಣಗಿದ ಮೇಲೂ ಉಪ್ಪು ಅಲ್ಲೇ ಉಳಿದು ಕರಾವಳಿಯ ಗಾಳಿಯಿಂದ ತೇವ ಹೀರುತ್ತಲೇ ಇರುತ್ತದೆ. ಆದ್ದರಿಂದ ಬೇಸಿಗೆಯಲ್ಲೂ ತುಕ್ಕು ಬೆಳೆಯುತ್ತದೆ. ಉಪ್ಪನ್ನು ತೆಗೆಯುವುದು ಸಿಹಿನೀರು ಮಾತ್ರ, ಎಣ್ಣೆಯಲ್ಲ.

ಮಾಡಬೇಕಾದದ್ದು ಇಷ್ಟು. ಮೀನು ಇಳಿಸಿದ ದಿನವೇ ಹೊಸ್ತಿಲನ್ನೂ ಸ್ಟ್ರೈಕರನ್ನೂ ಸಿಹಿನೀರಿನ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ. ಪ್ರೆಷರ್ ವಾಷರ್ ಕೊಳವೆಯನ್ನು ಲ್ಯಾಚಿನ ಬಾಯಿಗೆ ಹಿಡಿಯಬೇಡಿ, ಸ್ವಿಚ್ಚಿನೊಳಕ್ಕೆ ನೀರು ಹೋಗುತ್ತದೆ. ಲ್ಯಾಚಿನಲ್ಲಿ ತುಕ್ಕಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ, ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಹತ್ತಾರು ಸಲ ಮುಚ್ಚಿ ಬಟನ್ನಿನಿಂದ ತೆರೆಯಿರಿ. ಆ ಸ್ಪ್ರೇ ತೊಳೆಯುವ ದ್ರವ, ಬಹುಕಾಲ ನಿಲ್ಲುವ ಲೂಬ್ರಿಕೆಂಟ್ ಅಲ್ಲ. ಒರೆಸಿ ಒಣಗಿಸಿ, ಬಿಳಿ ಲಿಥಿಯಂ ಗ್ರೀಸನ್ನು ಕೊಕ್ಕೆಯ ಕೀಲಿಗೂ ಹಲ್ಲಿಗೂ ಕಡಲೆಕಾಳಿನಷ್ಟು ಹಚ್ಚಿ. ಹೆಚ್ಚು ಹಚ್ಚಿದರೆ ಮರಳಿಗೆ ಅದೇ ಅಂಟು. ಕರಾವಳಿಯಲ್ಲಿ ಇದು ವರ್ಷಕ್ಕೆರಡು ಸಲ ಆಗಲಿ, ಮೇ ಕೊನೆಗೊಮ್ಮೆ, ಅಕ್ಟೋಬರಿನಲ್ಲೊಮ್ಮೆ.

ಬೀಡಿಂಗಿಗೆ ಗ್ರೀಸನ್ನಾಗಲಿ ಎಂಜಿನ್ ಆಯಿಲನ್ನಾಗಲಿ ಮುಟ್ಟಿಸಬೇಡಿ. ಖನಿಜ ತೈಲ ತಾಗಿದರೆ ಆ ರಬ್ಬರ್ ಉಬ್ಬಿ ಬಾಗಿಲಿಗೆ ಹೊಸ ತಡೆಯಾಗುತ್ತದೆ. ಸೋಪುನೀರಿನಿಂದ ಒರೆಸಿ, ಬಟ್ಟೆಗೆ ಸ್ವಲ್ಪ ಸಿಲಿಕೋನ್ ಸ್ಪ್ರೇ ಹೊಡೆದುಕೊಂಡು ಸವರಿ.

ಬಾಗಿಲ ಕೆಳಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಬಾಗಿಲನ್ನು ಅರ್ಧ ತೆರೆದಾಗ ಒಳಗಿಂದ ಚಳಪಳ ಸದ್ದು ಕೇಳಿದರೆ ಅವು ಕಟ್ಟಿವೆ, ಲ್ಯಾಚ್ ನೀರಿನ ಪಕ್ಕದಲ್ಲೇ ಕುಳಿತಿದೆ. ತೆಂಗಿನ ಹಿಡಿಕಡ್ಡಿಯಿಂದ ಬಿಡಿಸಬಹುದು. ಘಟ್ಟದ ಮೇಲಿನವರಿಗೂ ಒಂದು ಮಾತು: ಅಡಿಕೆ ಸಿಪ್ಪೆಯ ನಾರು ಇಂಥ ತೂತುಗಳಿಗೂ ಕೊಕ್ಕೆಯ ಬಾಯಿಗೂ ಸರಿಯಾಗಿ ಹೊಂದುವ ಬೆಣೆ. ಚೀಲ ಇಳಿಸಿದ ಮೇಲೆ ಹೊಸ್ತಿಲು ಗುಡಿಸಿ.

ಪ್ರಶ್ನೆ: ಬ್ಯಾಟರಿ ಬದಲಿಸಿದ ಮೇಲೆ ಹಿಂಬಾಗಿಲಿನ ಬಟನ್ ಕೆಲಸ ಮಾಡುತ್ತಿಲ್ಲ. ಕೈಯಿಂದ ಮುಚ್ಚಿದರೆ ಮುಚ್ಚುತ್ತದೆ.
— ಹೊನ್ನಾವರ

ಕೆಟ್ಟಿಲ್ಲ, ಮರೆತಿದೆ. ಬಾಗಿಲು ಎಷ್ಟು ತೆರೆದಿದೆ ಎಂಬ ಎಣಿಕೆಯನ್ನು ಮಾಡ್ಯೂಲ್ ಇಟ್ಟುಕೊಂಡಿರುತ್ತದೆ. ಕರೆಂಟ್ ಹೋದಾಗ ಹಲವು ಗಾಡಿಗಳಲ್ಲಿ ಅದು ಅಳಿಸಿಹೋಗುತ್ತದೆ. ಬಾಗಿಲನ್ನು ಕೈಯಿಂದ ಪೂರ್ತಿ ಮುಚ್ಚಿ, ಲಾಕ್ ಬಿದ್ದದ್ದನ್ನು ಖಚಿತ ಮಾಡಿಕೊಳ್ಳಿ. ಅಲ್ಲಿಂದ ಬಟನ್ನಿನಲ್ಲಿ ಒಮ್ಮೆ ಪೂರ್ತಿ ತೆರೆಸಿ, ಒಮ್ಮೆ ಪೂರ್ತಿ ಮುಚ್ಚಿಸಿ, ನಡುವೆ ತಡೆಯಬೇಡಿ. ಬಹುತೇಕ ಗಾಡಿಗಳಿಗೆ ಇಷ್ಟು ಸಾಕು. ಕೆಲವಕ್ಕೆ ಬಟನ್ ಒತ್ತಿ ಹಿಡಿಯುವ ಬೇರೆ ಕ್ರಮವಿದೆ, ಗಾಡಿಯ ಕೈಪಿಡಿ ನೋಡಿ. ಪವರ್ ಬಾಗಿಲನ್ನು ಆಫ್ ಮಾಡುವ ಆಯ್ಕೆ ಪರದೆಯ ಮೆನುವಿನಲ್ಲೋ ಗ್ಲೋವ್ ಬಾಕ್ಸಿನಲ್ಲೋ ಇದ್ದು, ಅದು ಆಫ್ ಆಗಿರಲೂಬಹುದು.

ಪ್ರಶ್ನೆ: ಬಾಗಿಲು ಗಟ್ಟಿಯಾಗಿ ಮುಚ್ಚಿದೆ, ಎಳೆದರೂ ಬರುವುದಿಲ್ಲ. ಆದರೂ ಮೀಟರಿನಲ್ಲಿ 'ತೆರೆದಿದೆ' ಎಂಬ ಚಿತ್ರ. ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿದಿರುತ್ತದೆ.
— ಅಂಕೋಲಾ

ಕೊಕ್ಕೆ ತನ್ನ ಕೆಲಸ ಮಾಡಿದೆ, ಅದನ್ನು ಹೇಳಬೇಕಾದ ಸ್ವಿಚ್ ಸುಮ್ಮನಿದೆ. ಪೂರ್ತಿ ಹಿಡಿತದ ಸುದ್ದಿ ಬಾರದ್ದರಿಂದ ಡಿಕ್ಕಿಯ ದೀಪ ಉರಿಯುತ್ತಿರಬಹುದು, ಕೆಲವು ಮಾಡ್ಯೂಲ್‌ಗಳು ಮಲಗುವುದೂ ಇಲ್ಲ. ಬ್ಯಾಟರಿ ಇಳಿಯುವುದು ಅದರಿಂದ. ಗಾಡಿ ಲಾಕ್ ಆಗದೆ ಅಲಾರಂ ಕೂಗುವುದೂ ಇದರ ಕುಟುಂಬದ್ದೇ ತೊಂದರೆ.

ಬಾಗಿಲ ಒಳಹಲಗೆ ಬಿಚ್ಚಿ ಲ್ಯಾಚಿನ ಕನೆಕ್ಟರ್ ಹೊರತೆಗೆಯಿರಿ. ಪಿನ್ನುಗಳಲ್ಲಿ ಹಸಿರು ಅಥವಾ ಬಿಳಿ ಪುಡಿ ಇದ್ದರೆ ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ ಗ್ರೀಸ್) ತೆಳುವಾಗಿ ಹಚ್ಚಿ ಮತ್ತೆ ಕೂರಿಸಿ. ಸಮುದ್ರದ ಅಂಚಿನ ಊರುಗಳಲ್ಲಿ ಇಷ್ಟರಲ್ಲೇ ಗುಣವಾಗುವ ಗಾಡಿಗಳು ಉಂಟು. ಗುಣ ಕಾಣದಿದ್ದರೆ ಮಲ್ಟಿಮೀಟರನ್ನು ಕಂಟಿನ್ಯೂಯಿಟಿಗೆ (ಸಂಪರ್ಕ ಕೂಡಿದೆಯೇ ಎಂದು ತೋರಿಸುವ ಸ್ಥಾನಕ್ಕೆ) ಇಟ್ಟು, ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಅರ್ಧಕ್ಕೂ ಪೂರ್ತಿಗೂ ತರುತ್ತ ಸ್ವಿಚ್ ಪಿನ್ನುಗಳನ್ನು ನೋಡಿ. ಸ್ಥಿತಿ ಬದಲಾದಾಗ ಮೀಟರ್ ಸಹ ಬದಲಾಗಬೇಕು. ಬದಲಾಗದಿದ್ದರೆ ಸ್ವಿಚ್ ಸತ್ತಿದೆ. ಅನೇಕ ಮಾದರಿಗಳಲ್ಲಿ ಅದು ಲ್ಯಾಚಿನೊಳಗೇ ಸೇರಿರುವುದರಿಂದ ಇಲ್ಲಿ ಲ್ಯಾಚ್ ಬದಲಿಸುವ ಖರ್ಚು ನ್ಯಾಯವಾದದ್ದು. ಅಲ್ಲಿಯವರೆಗೆ ಡಿಕ್ಕಿಯ ದೀಪವನ್ನು ಅದರದೇ ಸ್ವಿಚ್ಚಿನಲ್ಲಿ ಆಫ್ ಮಾಡಿಡಿ.

ಪ್ರಶ್ನೆ: ಬಾಗಿಲಿನ ಎಡಬದಿ ಬಿಗಿಯಾಗಿ ಕೂರುತ್ತದೆ, ಬಲಬದಿಯಲ್ಲಿ ಸಂದು. ಮಳೆ ಬಂದರೆ ಆ ಮೂಲೆಯಿಂದ ನೀರು. ಲ್ಯಾಚ್ ಬಿಗಿ ಮಾಡಿದರೆ ಸರಿಯಾಗುತ್ತದೆಯೇ?
— ಯಲ್ಲಾಪುರ

ಆಗುವುದಿಲ್ಲ. ಲ್ಯಾಚ್ ಇರುವುದು ನಡುವೆ ಒಂದೇ, ಓರೆಯನ್ನು ಅದು ತಿದ್ದಲಾರದು. ಒಂದು ನೋಟನ್ನು ಬೀಡಿಂಗ್ ಮತ್ತು ಬಾಗಿಲ ನಡುವೆ ಇಟ್ಟು ಮುಚ್ಚಿ ಎಳೆಯುತ್ತ ಸುತ್ತಲೂ ಪರೀಕ್ಷಿಸಿ. ಸಲೀಸಾಗಿ ಜಾರಿ ಬರುವ ಜಾಗದಲ್ಲಿ ಒತ್ತಡವಿಲ್ಲ. ಮೊದಲು ಆ ಬದಿಯ ಬೀಡಿಂಗ್ ತನ್ನ ಲೋಹದ ಅಂಚಿನಿಂದ ಮೇಲೆದ್ದಿದೆಯೇ ನೋಡಿ, ಭಾರದ ಚೀಲ ಎಳೆದಾಗ ಹೀಗಾಗುವುದು ಸಾಮಾನ್ಯ. ಅಂಗೈಯಿಂದ ತಟ್ಟಿ ಕೂರಿಸಿದರೆ ಮುಗಿಯಿತು. ಆಮೇಲೆ ಬಲಬದಿಯ ಬುಗುಟು ಎಡಕ್ಕಿಂತ ಹೊರಗಿದೆಯೇ ಅಳೆಯಿರಿ. ಎರಡೂ ಸರಿಯಿದ್ದರೆ ಸ್ಟ್ರಟ್. ಕೆಲವು ಗಾಡಿಗಳಲ್ಲಿ ಒಂದು ಬದಿ ಮೋಟರ್ ಸ್ಟ್ರಟ್, ಇನ್ನೊಂದು ಬದಿ ಬರಿಯ ಗ್ಯಾಸ್ ಸ್ಟ್ರಟ್ ಇರುತ್ತದೆ. ಗ್ಯಾಸ್ ಇಳಿದರೆ ಬಾಗಿಲು ತಿರುಚಿಕೊಂಡೇ ಇಳಿಯುತ್ತದೆ. ಬಾಗಿಲಿಗೆ ಗಟ್ಟಿ ಮರದ ಊರುಗೋಲು ಕೊಡದೆ, ಇಬ್ಬರಿಲ್ಲದೆ ಸ್ಟ್ರಟ್ ಬಿಚ್ಚಲೇಬೇಡಿ. ಬಾಗಿಲಿನ ಇಡೀ ಭಾರ ಒಮ್ಮೆಲೇ ತಲೆಯ ಮೇಲೆ ಬರುತ್ತದೆ. ಹಿಂದಿನಿಂದ ಎಂದಾದರೂ ಪೆಟ್ಟು ತಿಂದ ಗಾಡಿಯಾದರೆ ಕೀಲುಗಳ ಹೊಂದಾಣಿಕೆ ಬಾಡಿ ಕೆಲಸದವರಿಂದಲೇ ಆಗಬೇಕು.

ಪ್ರಶ್ನೆ: ದಾರಿಯಲ್ಲಿ ರಾತ್ರಿ ಬಾಗಿಲು ಲಾಕೇ ಆಗದೆ ಹೋದರೆ ಮನೆ ತಲುಪುವುದು ಹೇಗೆ?
— ಭಟ್ಕಳ

ಮೊದಲು ಮೋಟರಿನ ಜೊತೆ ಜಗ್ಗಾಟ ನಿಲ್ಲಿಸಿ. ಸ್ಟ್ರಟ್ ಓಡುತ್ತಿರುವಾಗ ಕೈಯಿಂದ ದಬ್ಬಿದರೆ ಅದರೊಳಗಿನ ಗಿಯರ್ ಹಾಳಾಗುತ್ತದೆ. ಪವರ್ ಬಾಗಿಲನ್ನು ಆಫ್ ಮಾಡಿ, ಕೊಕ್ಕೆ ಮುಚ್ಚಿಕೊಂಡು ನಿಂತಿದೆಯೇ ಎಂದು ಮೊಬೈಲ್ ಬೆಳಕಿನಲ್ಲಿ ನೋಡಿ. ಮುಚ್ಚಿದ್ದರೆ ಬಟನ್ನಿನಿಂದ ಬಿಡಿಸಿ. ಅದಕ್ಕೂ ಬಿಡದಿದ್ದರೆ ಹಲವು ಗಾಡಿಗಳಲ್ಲಿ ಬಾಗಿಲ ಒಳಹಲಗೆಯ ಕೆಳಭಾಗದ ಪುಟ್ಟ ಮುಚ್ಚಳ ತೆಗೆದರೆ ತುರ್ತು ಲಿವರ್ ಸಿಗುತ್ತದೆ, ಸ್ಕ್ರೂಡ್ರೈವರಿನಿಂದ ಸರಿಸಿ. ಆಮೇಲೆ ಬಾಗಿಲನ್ನು ಕೈಯಿಂದ ನಿಧಾನಕ್ಕೆ ಇಳಿಸಿ, ನಡುವೆ ಎರಡೂ ಅಂಗೈ ಇಟ್ಟು ಕೊನೆಗೆ ಒತ್ತಿ. ಎಷ್ಟೋ ಸಲ ಎರಡನೇ ಟಕ್ ಹೀಗೆಯೇ ಬೀಳುತ್ತದೆ.

ಬೀಳದಿದ್ದರೆ ಲ್ಯಾಚಿನ ಬಳಿಯ ಗಟ್ಟಿ ಭಾಗದಿಂದ ಸ್ಟ್ರೈಕರಿಗೆ ಹಗ್ಗ ಹಾಕಿ ಒಳಗಿನಿಂದ ಬಿಗಿದು ಕಟ್ಟಿ. ಪ್ಲಾಸ್ಟಿಕ್ ಹಿಡಿಕೆಗೆ ಕಟ್ಟಬೇಡಿ. ಡಿಕ್ಕಿಯ ಸಾಮಾನು ಮುಂದಿನ ಸೀಟಿಗೆ ಬರಲಿ, ಹಿಂದಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸಬೇಡಿ. ಬಾಗಿಲು ಸಂದು ಬಿಟ್ಟು ಓಡುವಾಗ ಗಾಡಿಯ ಹಿಂದಿನ ಗಾಳಿ ಸುಳಿ ಹೊಗೆಯನ್ನು ಒಳಗೆಳೆಯುತ್ತದೆ. ಅದರಲ್ಲಿ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಮಳೆಯಾದರೂ ಮುಂದಿನ ಎರಡೂ ಗಾಜು ಇಳಿಸಿ, ಫ್ಯಾನನ್ನು ಹೊರಗಿನ ಗಾಳಿಗೆ ಇಟ್ಟು ಜೋರಾಗಿ ಓಡಿಸಿ. ಮರುಬಳಕೆಯ ಗಾಳಿಗೆ ಇಡಬೇಡಿ. ತಲೆ ಭಾರ ಅಥವಾ ವಾಕರಿಕೆ ಅನಿಸಿದರೆ ಅಲ್ಲೇ ನಿಲ್ಲಿಸಿ ಎಲ್ಲರೂ ಇಳಿಯಿರಿ. ಹೆದ್ದಾರಿ 66ರಲ್ಲಿ ಎಡಬದಿಯಲ್ಲೇ, ನಿಧಾನಕ್ಕೆ. ಬಾಗಿಲು ಮೇಲೆದ್ದಿದ್ದರೆ ಹಿಂದಿನ ದೀಪಗಳು ಹಿಂದಿನವರಿಗೆ ಕಾಣುತ್ತಿವೆಯೇ ಎಂದು ಹೊರಡುವ ಮೊದಲು ಒಬ್ಬರು ಇಳಿದು ನೋಡಲಿ.